ಇದರಿಂದ ಏನು ಉಪಯೋಗ?

2305843008139952128. ಹತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಅದೊಂದನ್ನು ಬಿಟ್ಟರೆ, 61. ಅಷ್ಟನ್ನೂ ಕೂಡಿದರೆ ಮತ್ತೆ ಇದೇ ಬರುತ್ತೆ. ಚಿಕ್ಕ ಉದಾಹರಣೆ ಬೇಕಂದ್ರೆ 28: 1, 2, 4, 7, 14 ಕೂಡಿ ನೋಡಿ. ಇಂಥವನ್ನು ಪರಿಪೂರ್ಣ ಸಂಖ್ಯೆ ಅಂತಾರೆ. ನಮ್ಮದು ಸಾಲಿನಲ್ಲಿ ಎಂಟನೆಯದು.

ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರ ತನ್ನ ಸಂಖ್ಯಾಸಿದ್ಧಾಂತದ ಪುಸ್ತಕದಲ್ಲಿ ಇದರ ಮೇಲೊಂದು ಷರಾ ಬರೆದ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಮುಂದೆ ಯಾರಿಗೂ ಸಿಗಲಾರದು. ಇವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ, ಹಾಗಾಗಿ ಯಾರೂ ಹುಡುಕೋಕೆ ಹೋಗಲ್ಲ ಅನ್ನೋದು ಅದರ ಸಾರ. 1876ರಲ್ಲಿ ಫ್ರಾನ್ಸಿನ ಲ್ಯೂಕಾನ ಕೆಲಸದಿಂದ 77 ಅಂಕಿಗಳದ್ದು ಸಿಕ್ಕಿತು. 2024ರ ಅಕ್ಟೋಬರಿನಲ್ಲಿ 52ನೆಯದೂ ಸಿಕ್ಕಿತು.

ಬಾರ್ಲೋನನ್ನು ಗೇಲಿ ಮಾಡೋದು ಸುಲಭ. ನಮ್ಮ ಐಟಿ ಜನರ ವಾದ ಹೀಗಿರುತ್ತೆ: ಈ ಸಂಖ್ಯೆ ಪರಿಪೂರ್ಣ ಆಗಿರೋದು ಅದರೊಳಗಿನ 2147483647 ಅವಿಭಾಜ್ಯ ಆಗಿರೋದರಿಂದ. 32 ಬಿಟ್ ಇಂಟಿಜರ್‌ನ ಗರಿಷ್ಠ ಮಿತಿಯೂ ಅದೇ. 2014ರಲ್ಲಿ 'ಗಂಗ್ನಮ್ ಸ್ಟೈಲ್' ದೆಸೆಯಿಂದ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿದ್ದು ನೆನಪಿರಬಹುದು. ನೋಡಿ, ಎಷ್ಟು ಉಪಯೋಗ!

ನಾನೂ ಹೀಗೆ ವಾದ ಮಾಡಿದವನೇ. ಆದರೆ ವಾದ ಟೊಳ್ಳು. ಅದು ಅವಿಭಾಜ್ಯ ಆಗದಿದ್ದರೂ ಮಿತಿ ಅಲ್ಲೇ ಇರ್ತಿತ್ತು. 64 ಬಿಟ್‌ನ ಮಿತಿಯನ್ನು 7ರಿಂದ ಭಾಗಿಸಬಹುದು. ಅದರಿಂದ ಯಾರಿಗೂ ತೊಂದರೆ ಆಗಿಲ್ಲ. ಕೆಲವು ರ್‍ಯಾಂಡಮ್ ನಂಬರ್ ಜನರೇಟರ್‌ಗಳಿಗೆ ಅದರ ಅವಿಭಾಜ್ಯ ಗುಣ ನಿಜಕ್ಕೂ ಬೇಕು, ಒಪ್ಪೋಣ. ಆದರೂ ಉಪಯೋಗ ಹುಡುಕಿ ತಂದು ಸಮರ್ಥಿಸಿದರೆ ಬಾರ್ಲೋನ ತಕ್ಕಡಿಯನ್ನೇ ನಾವೂ ಹಿಡಿದ ಹಾಗೆ.

ಅವನು ಎಡವಿದ್ದು ಮನುಷ್ಯರ ವಿಷಯದಲ್ಲಿ. ಪುರಾವೆ ಅವನ ಕಣ್ಣೆದುರೇ ಇತ್ತು. 1772ರಲ್ಲಿ 2147483647 ಅವಿಭಾಜ್ಯ ಅಂತ ಸಾಬೀತು ಮಾಡಿದಾಗ ಆಯ್ಲರನಿಗೆ ಅರವತ್ತು ದಾಟಿತ್ತು, ದೃಷ್ಟಿ ಬಹುಪಾಲು ಹೋಗಿತ್ತು. 46340ರವರೆಗೆ ಇರುವ ಸುಮಾರು 4,800 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸೋ ಬದಲು ಅವನು ಯೋಚನೆ ಮಾಡಿದ. ಭಾಜಕ ಅಂತ ಒಂದಿದ್ದರೆ ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕು ಅಂತ ತೋರಿಸಿದ. ಪರೀಕ್ಷಿಸಬೇಕಾದ ಸಂಖ್ಯೆಗಳು 400ಕ್ಕೂ ಕಮ್ಮಿಗೆ ಇಳಿದವು. ಉಪಯೋಗಕ್ಕೆ ಅಂತ ಯಾರೂ ಇದನ್ನು ಕೇಳಿರಲಿಲ್ಲ.

ಉಪಯೋಗಕ್ಕೆ ಅಂತಲೇ ಬಾರ್ಲೋ 1814ರಲ್ಲಿ ವರ್ಗ, ಘನ, ವರ್ಗಮೂಲಗಳ ಕೋಷ್ಟಕ ಪ್ರಕಟಿಸಿದ. ತಲೆಮಾರುಗಳು ಅದನ್ನು ಬಳಸಿದವು. ಕ್ಯಾಲ್ಕುಲೇಟರ್ ಬಂದ ಮೇಲೆ ಅದು ಕಪಾಟು ಸೇರಿತು.

'ಇದರಿಂದ ಏನು ಉಪಯೋಗ' ಅಂತ ಮೀಟಿಂಗಿನಲ್ಲಿ ಕೇಳೋ ಸರದಿ ನನಗೂ ಬರುತ್ತೆ. ಕೇಳ್ತೀನಿ, ಕೇಳಲೇಬೇಕು. ಆದರೆ 'ಹಾಗಾಗಿ ಇದನ್ನು ಯಾರೂ ಮಾಡಲ್ಲ' ಅಂತ ಸೇರಿಸೋದನ್ನು ಬಿಟ್ಟಿದ್ದೀನಿ.