ಪುರುವಿನ ಹೆಗಲು

ಸತ್ತೂರಿನಲ್ಲಿ ಚಿಗರಿ ಬಸ್ಸಿಗೆ ಕಾಯುತ್ತ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಮತ್ತೆ ಓದಿದೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಇದನ್ನು ಪ್ರಕಟಿಸಿದಾಗ ಕಾರ್ನಾಡರಿಗೆ ಇನ್ನೂ 25 ತುಂಬಿರಲಿಲ್ಲ. ಆದರೂ ಎಂಥ ಕುಸುರಿ!

ಮಹಾಭಾರತದ ಪುರು, ಶಾಪದಿಂದ ತಂದೆ ಯಯಾತಿಗೆ ಬಂದ ಮುಪ್ಪನ್ನು ಹೊತ್ತು ರಾಜ್ಯ ಪಡೆದವನು. ಕಾರ್ನಾಡರ ಪುರುವಿಗೆ ವಂಶದ ಹಿರಿಮೆಯೇ ಬೇಡ. ತನ್ನನ್ನು ತಾನೇ ನಂಬದ ಹುಡುಗ. ಶಾಪದ ಭಾರ ಬೀಳುವುದು ಆ ಅಳುಕಿನ ಹೆಗಲ ಮೇಲೆಯೇ. ಆಮೇಲೆ ಮೂಲಕಥೆಯಲ್ಲಿಲ್ಲದ ಚಿತ್ರಲೇಖೆ ಬರುತ್ತಾಳೆ. ಹೊಸ ಮದುವಣಗಿತ್ತಿ ಗಂಡನ ತ್ಯಾಗಕ್ಕೆ ಹೆಮ್ಮೆಪಡುತ್ತಾಳೆ. ಸುಕ್ಕುಗಟ್ಟಿದ ಮುಖ ಕಂಡೊಡನೆ ಬೆಚ್ಚುತ್ತಾಳೆ. ಹೆಮ್ಮೆಗೂ ಭೀತಿಗೂ ನಡುವಿನ ಆ ಒಂದೇ ಉಸಿರಿನಲ್ಲಿ ನಾಟಕಕಾರರು ಹೊರೆಯ ನಿಜವಾದ ತೂಕವನ್ನು ನಮ್ಮ ಕೈಗಿಡುತ್ತಾರೆ. ಅದು ಹೊತ್ತವನೊಬ್ಬನನ್ನೇ ಬಗ್ಗಿಸುವುದಿಲ್ಲ. ವಿಷ ಕುಡಿದು ಅವಳು ಸತ್ತ ಮೇಲೆ ಯಯಾತಿ ಮುಪ್ಪನ್ನು ಮರಳಿ ಪಡೆಯುತ್ತಾನೆ. ಪ್ರತಿ ಓದಿಗೂ ನನ್ನ ಹೆಗಲು ಜಗ್ಗುತ್ತದೆ.