ಸೊಟ್ಟ ಶಂಕುವಿಗೆ ನನ್ನ ಮತ

ವೈರಸ್ಸುಗಳ ರಚನಾಚಿತ್ರ ನೋಡುವ ಗೀಳಿನವರು ಸಾಮಾನ್ಯವಾಗಿ ಮರುಳಾಗುವುದು ಅಡಿನೋವೈರಸ್ಸಿನ ಇಪ್ಪತ್ತು ಮುಖಗಳ ಅಚ್ಚುಕಟ್ಟಿಗೆ. ನನಗೆ ಎಚ್‌ಐವಿಯ ಒಳಗವಚವೇ ಇಷ್ಟ. ಒಂದು ತುದಿ ದಪ್ಪ, ಇನ್ನೊಂದು ಸಪೂರ. ಒಂದರಂತೆ ಇನ್ನೊಂದಿರದ ಸೊಟ್ಟ ಶಂಕು. ಆದರೂ ಲೆಕ್ಕ ಬಿಗಿ. ಕ್ಯಾಪ್ಸಿಡ್ ಎಂಬ ಒಂದೇ ಪ್ರೋಟೀನಿನ ಸುಮಾರು 1,500 ಪ್ರತಿಗಳು ಆರಾರಾಗಿ ಕೂಡಿ ಷಟ್ಕೋನಗಳಾಗುತ್ತವೆ, ಅಲ್ಲಲ್ಲಿ ಐದೈದಾಗಿ ಕೂಡಿ ಪಂಚಕೋನಗಳಾಗುತ್ತವೆ. ಪಂಚಕೋನ 12 ಇದ್ದರಷ್ಟೇ ಶಂಕು ಪೂರ್ತಿ ಮುಚ್ಚಿಕೊಳ್ಳುವುದು. ಹಳೇ ಮಾದರಿಯ ಫುಟ್‌ಬಾಲಿನ ಕಪ್ಪು ತುಂಡುಗಳನ್ನು ಎಣಿಸಿ ನೋಡಿ, ಅವೂ 12.

ರೂಪಕ್ಕಿಂತ ಅದರ ದುಡಿಮೆ ದೊಡ್ಡದು. ಜೀವಕೋಶ ಹೊಕ್ಕ ಕೂಡಲೇ ಕವಚ ಕಳಚಿ ಬೀಳುತ್ತದೆ ಎಂದೇ ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಟ್ಟವು. ಶಂಕುವಿನ ಅಗಲ ಸುಮಾರು 60 ನ್ಯಾನೋಮೀಟರ್, ವೈರಸ್ಸು ದಾಟಬೇಕಾದ ಕೋಶಕೇಂದ್ರದ ರಂಧ್ರ 40ರ ಆಸುಪಾಸು, ಹಿಡಿಸುವುದಾದರೂ ಹೇಗೆ? 2021ರಲ್ಲಿ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಸೋಂಕಿತ ಕೋಶಗಳ ಒಳಗನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶದೊಳಗಿದ್ದಾಗ ರಂಧ್ರದ ಅಗಲ 60ನ್ನೂ ಮೀರಿತ್ತು. ಇಡಿಯ ಶಂಕುಗಳೇ ಅದರೊಳಗೆ ಇಳಿಯುತ್ತಿದ್ದವು!

ಜಾಗವಿದ್ದರೆ ಸಾಲದು. ರಂಧ್ರದ ತುಂಬ ಪ್ರೋಟೀನ್ ಎಳೆಗಳ ದಟ್ಟ ಜಾಲವಿದೆ, ಗುರುತಿಲ್ಲದ ದೊಡ್ಡ ಸರಕನ್ನು ಅದು ಬಿಡುವುದಿಲ್ಲ. ಕ್ಯಾಪ್ಸಿಡ್ಡಿನ ಮೈಮೇಲಿನ ಪುಟ್ಟ ಕುಳಿಗಳು ಆ ಎಳೆಗಳನ್ನೇ ಹಿಡಿದುಕೊಳ್ಳುತ್ತವೆ. ಕೋಶದ ಸ್ವಂತ ಸಾಗಣೆ ಪ್ರೋಟೀನುಗಳು ದಾಟುವ ರೀತಿಯೂ ಹೀಗೇ. ಆಚೆ ದಡದಲ್ಲಿ ಸಿಪಿಎಸ್‌ಎಫ್6 ಎಂಬ ನಮ್ಮದೇ ಪ್ರೋಟೀನು ಅದೇ ಕುಳಿಗೆ ಅಂಟಿಕೊಂಡು ಶಂಕುವನ್ನು ಒಳಕ್ಕೆ ಬಿಡಿಸಿಕೊಳ್ಳುತ್ತದೆ. ಈ ಪ್ರಯಾಣದುದ್ದಕ್ಕೂ ಕವಚದೊಳಗೆ ಆರ್‌ಎನ್‌ಎ ಡಿಎನ್‌ಎಯಾಗಿ ನಕಲಾಗುತ್ತಿರುತ್ತದೆ, ಕೋಶದ ಕಾವಲು ವ್ಯವಸ್ಥೆಯ ಕಣ್ಣಿಗೆ ಬೀಳದೆ. ರೀಸಸ್ ಕೋತಿಯ ಕೋಶದಲ್ಲಿ ಮಾತ್ರ ಆಟ ನಡೆಯದು. ಅಲ್ಲಿ ಟ್ರಿಮ್5 ಆಲ್ಫಾ ಎಂಬ ಪ್ರೋಟೀನು ಕವಚವನ್ನೇ ಗುರುತು ಹಿಡಿದು ತಡೆಯುತ್ತದೆ.

ಇಷ್ಟೆಲ್ಲ ವಹಿವಾಟು ನಡೆಸುವ ಆ ಕುಳಿಗೇ ಲೆನಾಕ್ಯಾಪವಿರ್ ಎಂಬ ಔಷಧ ಹೋಗಿ ಕೂರುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚುಮದ್ದು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದ ಪರೀಕ್ಷೆಯಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. ಕಡಿಮೆ ಬೆಲೆಯ ಆವೃತ್ತಿ ತಯಾರಿಸುವ ಪರವಾನಗಿ ಪಡೆದವರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಇವೆ.

ಶಂಕುವನ್ನು ತಿರುಗಿಸಿ ನೋಡುವ ಆಸೆಯಿದ್ದರೆ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 3ಜೆ3ಕ್ಯೂ ಎಂಬ ಕಡತವಿದೆ, ಪುಕ್ಕಟೆ. ಪರಮಾಣು ಮಟ್ಟದ ವಿವರ ಅದರಲ್ಲಿದೆ. ಹಳೇ ಮೊಬೈಲಿನಲ್ಲಿ ತೆರೆಯಲು ಹೋಗಬೇಡಿ.