ಗರ್ಜನೆ ಬಿಟ್ಟ ಓಪೆತ್

ಕಲಬುರಗಿಯಿಂದ ಕೆಂಪು ಬಾಳೆಯ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಓಪೆತ್ ಕೇಳುವುದೆಂದರೆ ನನಗೆ ಬಲು ಇಷ್ಟ. ಹತ್ತತ್ತು ನಿಮಿಷದ ಹಾಡುಗಳಿಗೆ ಅಷ್ಟು ಪುರುಸೊತ್ತು ಬೇಕು. 1990ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಡೆತ್ ಮೆಟಲ್ ತಂಡವಿದು. 'ಬ್ಲ್ಯಾಕ್‌ವಾಟರ್ ಪಾರ್ಕ್' (2001) ಆಲ್ಬಮ್‌ನಲ್ಲಿ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಗಂಟಲು ಬಿರಿಯುವಂತೆ ಗರ್ಜಿಸಿ, ಮರುಕ್ಷಣವೇ ಅಕೌಸ್ಟಿಕ್ ಗಿಟಾರಿಗೆ ಮೆಲುದನಿ ಕೂಡಿಸುತ್ತಾರೆ. 'ಡ್ಯಾಮ್ನೇಶನ್' (2003) ಪೂರ್ತಿ ಮೆಲುದನಿಯದೇ. ಅದರ ಮೊದಲ ಹಾಡು 'ವಿಂಡೋಪೇನ್' ಕೇಳಬೇಕು: ಡ್ರಮ್ಸ್ ತಗ್ಗಿ ನುಡಿಯುತ್ತದೆ, ನಿರ್ಮಾಪಕ ಸ್ಟೀವನ್ ವಿಲ್ಸನ್ ನುಡಿಸಿದ ಮೆಲೊಟ್ರಾನ್ ಎಂಬ ಹಳೆಯ ಕೀಬೋರ್ಡ್ ಹಿಂದಿನಿಂದ ಮಂಜಿನಂತೆ ಕವಿಯುತ್ತದೆ. 'ಹೆರಿಟೇಜ್' (2011) ಹೊತ್ತಿಗೆ ಗರ್ಜನೆ ನಿಂತೇಹೋಗಿ, ಎಪ್ಪತ್ತರ ದಶಕದ ಪ್ರೋಗ್ರೆಸಿವ್ ರಾಕ್ ಮುಂದೆ ಬಂತು. ಹಳೆಯ ಅಭಿಮಾನಿಗಳು ಹಲವರು ಮುನಿಸಿಕೊಂಡರು. ನನಗದು ದ್ರೋಹ ಅನ್ನಿಸಲೇ ಇಲ್ಲ. ಪ್ರೋಗ್ರೆಸಿವ್ ರಾಕ್‌ನತ್ತ ತಂಡದ ಒಲವು ಮೊದಲಿನಿಂದಲೂ ಇತ್ತು. 2024ರ ಆಲ್ಬಮ್‌ನಲ್ಲಂತೂ ಗರ್ಜನೆ ಮರಳಿತು, ಅದೂ ಪ್ರೋಗ್ರೆಸಿವ್ ರಾಕ್‌ನ ಹಿರಿಯ ಇಯಾನ್ ಆಂಡರ್ಸನ್ ಅವರ ಕೊಳಲಿನ ಜೊತೆಗೇ!